‘ಎಷ್ಟು ಕೆ?’ ಎಂದು ಮೊದಲೇ ಕೇಳಬೇಡಿ

ಕ್ಯಾಮೆರಾ ಬಾಡಿಗೆಗೆ ತರುವಾಗ ನಿರ್ದೇಶಕರ ಮೊದಲ ಪ್ರಶ್ನೆ ‘ಎಷ್ಟು ಕೆ?’ (ಚಿತ್ರದ ಅಗಲ ಎಷ್ಟು ಸಾವಿರ ಪಿಕ್ಸೆಲ್?) ಆಗಬಾರದು. ರೆಡ್ ಒನ್ ಕ್ಯಾಮೆರಾ 2007ರಲ್ಲೇ 4ಕೆ ಕೊಟ್ಟಿತ್ತು. 2010ರಲ್ಲಿ ಬಂದ ಆರಿ ಅಲೆಕ್ಸಾ 3ಕೆಯನ್ನೂ ಮುಟ್ಟಿರಲಿಲ್ಲ. ಆದರೂ ‘ಹ್ಯೂಗೋ’, ‘ಸ್ಕೈಫಾಲ್’ ಚಿತ್ರೀಕರಣವಾದದ್ದು ಅಲೆಕ್ಸಾದಲ್ಲೇ; ‘ಹ್ಯೂಗೋ’ಗೆ ಛಾಯಾಗ್ರಹಣದ ಆಸ್ಕರ್ ಕೂಡ ಬಂತು. ಕಾರಣ, ಅದು ಬೆಳಕನ್ನು ಹಿಡಿಯುವ ರೀತಿ. ಕಿಟಕಿ ಪಕ್ಕ ನಿಂತ ನಟಿಯ ಮುಖ ನೋಡಿ: ಕೆನ್ನೆ ಮೇಲೆ ಬಿಸಿಲು, ಕಣ್ಣ ಕೆಳಗೆ ನೆರಳು, ಹಿಂದೆ ಉರಿಯುವ ಆಕಾಶ. ಸಾಧಾರಣ ಸೆನ್ಸರ್‌ನಲ್ಲಿ ಆ ಆಕಾಶ ಸುಣ್ಣ ಬಳಿದ ಗೋಡೆಯಾಗಿಬಿಡುತ್ತದೆ. ಅಲೆಕ್ಸಾದಲ್ಲಿ ಬೆಳಕಿನ ಅಂಚು ಮೆಲ್ಲಗೆ ಕರಗುತ್ತದೆ, ಮೈಬಣ್ಣ ಮೈಬಣ್ಣವಾಗಿಯೇ ಉಳಿಯುತ್ತದೆ. ಅಭಿನಯ ಕಾಣುವುದು ಅಲ್ಲೇ.

ಗ್ರಾಫಿಕ್ಸ್‌ಗೆ, ಫ್ರೇಮ್ ಕತ್ತರಿಸಿ ಹಿಗ್ಗಿಸುವುದಕ್ಕೆ ಹೆಚ್ಚು ಪಿಕ್ಸೆಲ್ ಬೇಕಲ್ಲವೇ ಎನ್ನಬಹುದು. ನಿಜ, ಅಂಥ ಕೆಲವು ಶಾಟ್‌ಗಳಿಗೆ 8ಕೆ ಅನುಕೂಲವೇ. ಆದರೆ 2023ರ ‘ದಿ ಕ್ರಿಯೇಟರ್’ ತುಂಬ ಗ್ರಾಫಿಕ್ಸ್ ಇದೆ, ಅದಕ್ಕೇ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ಅದರ ಬಹುಪಾಲು ಚಿತ್ರೀಕರಣ ನಡೆದದ್ದು 8ಕೆ ಇಲ್ಲದ, ಒಂದೇ ಕೈಯಲ್ಲಿ ಹಿಡಿಯಬಹುದಾದ ಸೋನಿ ಎಫ್‌ಎಕ್ಸ್3ಯಲ್ಲಿ. ಅಲ್ಲಿ ಗೆದ್ದದ್ದು ಕ್ಯಾಮೆರಾದ ಹಗುರ ಮೈ, ಮಬ್ಬುಬೆಳಕಲ್ಲೂ ಕಾಣುವ ಅದರ ಕಣ್ಣು. ಹಾಗಾಗಿ ಎರಡು ಕ್ಯಾಮೆರಾ ತರಿಸಿ, ನಡುಮಧ್ಯಾಹ್ನ ಒಂದೇ ಕಿಟಕಿ ಬಳಿ ಒಂದೇ ಮುಖ ಚಿತ್ರೀಕರಿಸಿ, ದೊಡ್ಡ ಪರದೆಯಲ್ಲಿ ನೋಡಿ. ಆಮೇಲೆ ಅಡ್ವಾನ್ಸ್ ಕೊಡಿ.