ನವಣೆ, ಅಕ್ಕಿ, ಅಲಸಂದಿಗಳ ಮಿಶ್ರಾನ್ನ

ತುಂಗಭದ್ರೆಯ ಕಾಲುವೆಯಿಂದ ಮಾನ್ವಿಯಲ್ಲಿಯೂ, ಕೃಷ್ಣೆಯ ಕಾಲುವೆಯಿಂದ ದೇವದುರ್ಗದಲ್ಲಿಯೂ ಭತ್ತವು ಹಬ್ಬಿತು. ರಾಯಚೂರು ಪಟ್ಟಣದಂತೆ ಹಳ್ಳಿಗಳಲ್ಲಿಯೂ ಬಿಳಿಯನ್ನವೇ ನಿತ್ಯಾಹಾರವಾಗಿ, ನವಣೆಯು ಹಿಂದೆ ಸರಿಯಿತು. ಆದರೆ ಪಾಲಿಷ್ ಮಾಡಿದ ಅಕ್ಕಿಯಲ್ಲಿ ತೌಡಿನ ಸತ್ವವು ಉಳಿಯದು. ಧಾನ್ಯಗಳಲ್ಲಿ ಲೈಸೀನ್ ಎಂಬ ಪೋಷಕಾಂಶವು ಕಡಿಮೆ; ದ್ವಿದಳ ಕಾಳುಗಳು ಆ ಕೊರತೆಯನ್ನು ತುಂಬುವುವು. ಆದುದರಿಂದ ಇವೆರಡನ್ನೂ ಕೂಡಿಸಿ ಉಣ್ಣುವುದು ಲೇಸು.

ಮಾಡುವ ಕ್ರಮ: ಅರ್ಧ ಪಾವು ಅಲಸಂದಿಯನ್ನು ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಬೇರೆಯಾಗಿ ಮೆತ್ತಗೆ ಬೇಯಿಸಬೇಕು. ನವಣೆಯಕ್ಕಿ, ಅಕ್ಕಿ ಒಂದೊಂದು ಪಾವು ತೊಳೆದು, ಅರ್ಧ ಗಂಟೆ ನೆನೆಸಿ, ಸುಮಾರು 5 ಪಾವು ನೀರಿನಲ್ಲಿ ಕುದಿಸಬೇಕು. ಮುಕ್ಕಾಲು ಬೆಂದಾಗ ಕಾಳನ್ನೂ ಉಪ್ಪನ್ನೂ ಸೇರಿಸಿ, ಸಣ್ಣ ಉರಿಯಲ್ಲಿ ಇಂಗಿಸಬೇಕು.

ಗ್ರಾಮ ಪ್ರಮುಖರೂ ಭೂಮಾಲೀಕರೂ ಮಳೆಯಾಶ್ರಿತ ಹೊಲದ ಒಂದು ತುಂಡಿನಲ್ಲಿ ನವಣೆಯನ್ನು ಬಿತ್ತಿಸಿ, ಕೆಲಸಗಾರರ ಬುತ್ತಿಗೂ ಈ ಅನ್ನವನ್ನೇ ಕಳುಹಿಸಲಿ. ಹಿರಿಯರ ಮನೆಯಲ್ಲಿ ಬೆಂದುದು ಊರಿನ ಒಲೆಗಳಲ್ಲಿಯೂ ಬೇಯುವುದು.