ಶಿಲೆಯಲ್ಲಿ ಉಳಿದ ಶಂಕುವೃಕ್ಷಗಳು

ಸಿಮ್ಲಾ, ನೈನಿತಾಲಗಳಿಗೆ ಪ್ರವಾಸ ಹೋಗಿಬಂದವರ ಮನೆಯ ಷೋಕೇಸಿನಲ್ಲಿ ಪೈನ್ ಮರದ ಒಣಗಿದ ಕಾಯಿಯೊಂದು ಇದ್ದೇ ಇರುತ್ತದೆ. ಕೊರೆದು ಮಾಡಿದಂತಿರುವ ಆ ವಸ್ತು ನಿಜಕ್ಕೂ ಕಾಯಿಯಲ್ಲ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಶಂಕುವೆಂದು ಹೆಸರು. ಪೈನ್, ದೇವದಾರು, ಸೈಪ್ರೆಸ್ ಮೊದಲಾದ ಶಂಕುಧಾರಿ ವೃಕ್ಷಗಳ ಬೀಜಗಳು ಹಣ್ಣಿನ ತಿರುಳಿನಲ್ಲಿ ಅಡಗಿರದೆ, ಶಂಕುವಿನ ಶಲ್ಕಗಳೆಂಬ ಗಟ್ಟಿ ಬಿಲ್ಲೆಗಳ ಮೇಲೆ ಬೆಳೆಯುತ್ತವೆ.

ಈ ಕುಲದ ಪ್ರಾಚೀನತೆ ನಮ್ಮ ಊಹೆಗೆ ನಿಲುಕದು. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಇದ್ದಲಿನ ರೂಪದಲ್ಲಿ ಉಳಿದುಬಂದ ಎಲೆಯ ಚೂರುಗಳು ಸುಮಾರು 31 ಕೋಟಿ ವರ್ಷ ಹಳೆಯವು. ಆಗ ತಗ್ಗಿನ ಜೌಗು ಕಾಡುಗಳಲ್ಲಿ ಜರಿಗಿಡಗಳೂ ಅವುಗಳಂತೆ ಬೀಜವಿಲ್ಲದ ಬೃಹತ್ ಮರಗಳೂ ಮೆರೆಯುತ್ತಿದ್ದವು. ಶಂಕುಧಾರಿಗಳು ಒಣ ದಿಬ್ಬಗಳಲ್ಲಿ ಬಡತನದ ಬಾಳು ನಡೆಸುತ್ತಿದ್ದುವು. ಹವೆ ಒಣಗಿ ಜೌಗು ಕಾಡುಗಳು ಅಳಿದಾಗ ಈ ಬಡವರಿಗೇ ರಾಜ್ಯ ಲಭಿಸಿತು.

ಶಂಕುವಿನ ರಚನೆ ವಿಜ್ಞಾನಿಗಳಿಗೆ ಬಹುಕಾಲ ಒಗಟಾಗಿತ್ತು. ಒಂದೊಂದು ಶಲ್ಕವೂ ಎಲೆಯೋ, ಕೊಂಬೆಯೋ? ಇದಕ್ಕೆ ಉತ್ತರ ಕೊಟ್ಟವರು ಸ್ವೀಡನ್ನಿನ ರುಡಾಲ್ಫ್ ಫ್ಲೋರಿನ್ (1894–1965). 1938ರಿಂದ 1945ರವರೆಗೆ ಪ್ರಕಟವಾದ ಮಹಾಗ್ರಂಥದಲ್ಲಿ ಅವರು ಪಳೆಯುಳಿಕೆಗಳನ್ನು ಸಾಲಾಗಿ ಇರಿಸಿ ತೋರಿಸಿದರು. ಅತ್ಯಂತ ಹಳೆಯವುಗಳಲ್ಲಿ ಎಲೆಯ ಕಂಕುಳಲ್ಲಿ ಪುಟ್ಟದೊಂದು ಕೊಂಬೆಯಿದ್ದು, ಅದರ ಸುತ್ತ ಅನೇಕ ಶಲ್ಕಗಳಿದ್ದವು; ಬೀಜ ಹೊರುತ್ತಿದ್ದವು ಕೆಲವೇ. ಮುಂದಿನವುಗಳಲ್ಲಿ ಆ ಕೊಂಬೆ ಗಿಡ್ಡಾಗಿ, ಚಪ್ಪಟೆಯಾಗಿ, ಶಲ್ಕಗಳು ಒಂದರೊಡನೊಂದು ಬೆಸೆದುಕೊಂಡವು. ಕೊನೆಗೆ ಇಡೀ ಕೊಂಬೆಯೇ ಒಂದು ಬಿಲ್ಲೆಯಾಯಿತು. ಫ್ಲೋರಿನ್ನರ ಸಾಲಿನಲ್ಲಿ ಮೊದಲು ನಿಂತ ಕಾರ್ಡೈಟಿಸ್ ಮರಗಳು ನೇರ ಪೂರ್ವಜರಲ್ಲ, ದಾಯಾದಿಗಳೆಂದು ಅನಂತರದ ಸಂಶೋಧಕರು ತಿದ್ದಿದರಾದರೂ ಮೂಲ ತೀರ್ಮಾನ ಸ್ಥಿರವಾಗಿ ನಿಂತಿದೆ. ಷೋಕೇಸಿನ ಆ ಒಂದು ಶಂಕುವಿನಲ್ಲಿ ನೂರಾರು ಕೊಂಬೆಗಳು ಮುದುಡಿ ಕುಳಿತಿವೆ!

ಇಂದಿನ ಶಂಕುಧಾರಿ ಕುಟುಂಬಗಳಲ್ಲಿ ಬಹುಪಾಲು ಡೈನೋಸಾರ್‌ಗಳ ಕಾಲದಲ್ಲೇ ಕವಲೊಡೆದವು. ಆದರೆ ಕವಲೊಡೆದವೆಲ್ಲ ಬಾಳಲಿಲ್ಲ. ಆ ಯುಗದ ಶಿಲೆಗಳಲ್ಲಿ ಹೇರಳವಾಗಿ ಪರಾಗವನ್ನು ಉಳಿಸಿಹೋದ ಕೈರೋಲೆಪಿಡಿಯೇಸಿ ಎಂಬ ಕುಟುಂಬದ ಒಂದು ಮರವೂ ಇಂದು ಜೀವಂತವಿಲ್ಲ. ಹೂಬಿಡುವ ಸಸ್ಯಗಳು ಸುಮಾರು ಮೂರು ಲಕ್ಷ ಪ್ರಭೇದಗಳಾಗಿ ಹಬ್ಬಿರುವಾಗ ಶಂಕುಧಾರಿಗಳು ಉಳಿದಿರುವುದು ಆರುನೂರು ಚಿಲ್ಲರೆ.

ನಮ್ಮ ದೇಶದಲ್ಲಿಯೂ ಇದೇ ಕಥೆ. ಆಚಾರ್ಯ ಬೀರಬಲ್ ಸಾಹನಿಯವರು 1928 ಮತ್ತು 1931ರಲ್ಲಿ ಭಾರತದ ಶಂಕುಧಾರಿ ಪಳೆಯುಳಿಕೆಗಳನ್ನು ಪರಿಷ್ಕರಿಸಿ ವಿವರಿಸಿದರು. ತಮಿಳುನಾಡಿನ ವಿಳುಪ್ಪುರಂ ಸಮೀಪದ ತಿರುವಕ್ಕರೈಯಲ್ಲಿ ಕಲ್ಲಾದ ಮರದ ದಿಮ್ಮಿಗಳು ಇಂದಿಗೂ ಬಯಲಲ್ಲಿ ಬಿದ್ದಿವೆ. ಹೂಬಿಡುವ ಮರಗಳ ದಿಮ್ಮಿಗಳೊಡನೆ ಪೊಡೊಕಾರ್ಪಸ್ ವರ್ಗದ ಶಂಕುಧಾರಿ ಮರವೂ ಅಲ್ಲಿ ದೊರೆತಿದೆ. ಮದರಾಸಿನ ನಮ್ಮವರು ಒಂದು ದಿನದಲ್ಲಿ ನೋಡಿಬರಬಹುದು. ಆದರೆ ಚೂರೊಂದನ್ನೂ ಜೇಬಿಗಿಳಿಸದಿರಲಿ. ಇಂದು ದಕ್ಷಿಣ ಭಾರತದ ಕಾಡಿನಲ್ಲಿ ತಾನಾಗಿ ಬೆಳೆಯುವ ಶಂಕುಧಾರಿ ಒಂದೇ ಒಂದು: ಅದೇ ವರ್ಗದ, ಪಶ್ಚಿಮಘಟ್ಟದ ನಾಗೇಯ ವಾಲಿಚಿಯಾನ.

ಅಳಿದರೆ ಅಳಿಯಲಿ, ನಷ್ಟವೇನು ಎನ್ನಬಹುದು. ಇದಕ್ಕೆ ಯೂ ಮರದ ಕಥೆಯೇ ಉತ್ತರ. ಸುಮಾರು 20 ಕೋಟಿ ವರ್ಷ ಹಳೆಯ ಸ್ವೀಡನ್ನಿನ ಶಿಲೆಗಳಲ್ಲಿ ಅದರ ಬಂಧುವಿನ ಗುರುತಿದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಮರ ಕಡಿಯುವವರು ಯೂ ಮರವನ್ನು ಕಸದೊಡನೆ ಸುಡುತ್ತಿದ್ದರು. ವಸೂಲಾಗದ ಬಾಕಿಯೆಂದು ಬ್ಯಾಂಕಿನವರು ಲೆಕ್ಕದಿಂದ ತೆಗೆದುಹಾಕುತ್ತೇವಲ್ಲ, ಹಾಗೆ. 1962ರಲ್ಲಿ ಸಂಗ್ರಹಿಸಿದ ಅದರ ತೊಗಟೆಯಿಂದ ಮನ್ರೋ ವಾಲ್ ಹಾಗೂ ಭಾರತೀಯ ಸಂಜಾತ ಮನಸುಖ್ ವಾಣಿಯವರು ಟ್ಯಾಕ್ಸಾಲ್ ಎಂಬ ವಸ್ತುವನ್ನು ಬೇರ್ಪಡಿಸಿ, 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. 1992ರಲ್ಲಿ ಅಂಡಾಶಯದ ಕ್ಯಾನ್ಸರಿಗೆ ಔಷಧವಾಗಿ ಅಮೆರಿಕದಲ್ಲಿ ಅದಕ್ಕೆ ಮನ್ನಣೆ ದೊರೆಯಿತು. ಮುಂದೆ ಸ್ತನ ಕ್ಯಾನ್ಸರಿಗೂ ಬಳಕೆಗೆ ಬಂತು. ಮರ ಮಾತ್ರ ವಿಷದ್ದು. ಎಲೆಯನ್ನಾಗಲಿ ಬೀಜವನ್ನಾಗಲಿ ಮನೆಮದ್ದೆಂದು ಸೇವಿಸಿದರೆ ಪ್ರಾಣಾಪಾಯ.

ನಮ್ಮ ಹಿಮಾಲಯದ ಯೂ ಮರಗಳೂ ಎಲೆ, ತೊಗಟೆಗಳ ಆಸೆಗೆ ಬಲಿಯಾಗಿ ಅಪಾಯದ ಅಂಚಿಗೆ ಬಂದಿವೆ. 2013ರ ಒಂದು ಅಂತರರಾಷ್ಟ್ರೀಯ ಸಮೀಕ್ಷೆಯಂತೆ ಜಗತ್ತಿನ ಶಂಕುಧಾರಿಗಳಲ್ಲಿ ನೂರಕ್ಕೆ 34 ಪ್ರಭೇದಗಳು ಅಳಿವಿನ ಭೀತಿಯಲ್ಲಿದ್ದವು. ಅಳಿದುದರ ಆಕಾರವನ್ನು ಶಿಲೆ ಉಳಿಸಿಕೊಟ್ಟೀತು. ಅದರೊಳಗಿದ್ದ ಔಷಧವನ್ನು ಉಳಿಸಿಕೊಡದು.