ಹೂವಿನ ಬೀದಿಯ ಲೆಕ್ಕಾಚಾರ

1972ರ ಮೇ ತಿಂಗಳು. ಬ್ರೆಜಿಲ್ ದೇಶದ ಕುರಿಟಿಬ ನಗರ. ಶುಕ್ರವಾರ ಸಂಜೆ ಕೋರ್ಟು ಬಾಗಿಲು ಹಾಕುತ್ತಿದ್ದಂತೆಯೇ ನಗರಾಡಳಿತದ ಕೆಲಸಗಾರರು ಊರಿನ ಮುಖ್ಯ ಪೇಟೆಬೀದಿಗೆ ಬಂದಿಳಿದರು. ಡಾಂಬರು ಕಿತ್ತು ಹಾಕತೊಡಗಿದರು. ಹಗಲು ರಾತ್ರಿ ಎನ್ನದೆ ಕೆಲಸ ನಡೆಯಿತು. ಸೋಮವಾರದ ಹೊತ್ತಿಗೆ ಕಾರುಗಳು ಓಡುತ್ತಿದ್ದ ಜಾಗದಲ್ಲಿ ಕಲ್ಲುಹಾಸು, ಹೂವಿನ ಕುಂಡ, ಕೂರಲು ಬೆಂಚು!

ಕೋರ್ಟು ಮುಚ್ಚುವವರೆಗೆ ಕಾದದ್ದೇಕೆ? ವರ್ತಕರು ತಡೆಯಾಜ್ಞೆ ತಂದರೆ ಕೆಲಸ ನಿಂತೇಹೋಗುತ್ತದೆ ಎಂಬ ಭಯ. ವರ್ತಕರ ಭಯವೂ ಸುಳ್ಳಲ್ಲ. 'ಕಾರು ಬರದಿದ್ದರೆ ಗಿರಾಕಿ ಬರುವುದಿಲ್ಲ, ಗಿರಾಕಿ ಬರದಿದ್ದರೆ ನಾವು ಊಟ ಮಾಡುವುದೇನು' ಎಂಬುದು ಅವರ ಪ್ರಶ್ನೆ.

ಈ ಕೆಲಸದ ಹಿಂದಿದ್ದವರು ಮೇಯರ್ ಜೈಮಿ ಲರ್ನರ್. ವೃತ್ತಿಯಿಂದ ವಾಸ್ತುಶಿಲ್ಪಿ. 1971ರಲ್ಲಿ ಅಧಿಕಾರ ವಹಿಸಿಕೊಂಡಾಗ ವಯಸ್ಸು 33. ಆಗ ಊರಿನ ಜನಸಂಖ್ಯೆ ಸುಮಾರು 6 ಲಕ್ಷ. ಬೆಳೆಯುತ್ತಿದ್ದ ವಾಹನಗಳಿಗಾಗಿ ಹಳೆಯ ಬೀದಿಗಳನ್ನು ಅಗಲ ಮಾಡಬೇಕು ಎಂಬ ಮಾತು ನಡೆದಿತ್ತು. ಲರ್ನರ್ ಬೀದಿಯನ್ನೇ ನಡೆಯುವವರಿಗೆ ಬಿಟ್ಟುಕೊಟ್ಟರು.

ಕಾರಿನವರು ಸುಮ್ಮನಿರಲಿಲ್ಲ. ಎಲ್ಲರೂ ಸೇರಿ ಬೀದಿಯೊಳಗೆ ಕಾರು ನುಗ್ಗಿಸುವುದೆಂದು ನಿರ್ಧರಿಸಿದರು. ಅಲ್ಲಿ ಅವರಿಗೆ ಎದುರಾದದ್ದು ಪೊಲೀಸರಲ್ಲ. ಬೀದಿಯುದ್ದಕ್ಕೂ ಹಾಸಿದ ಕಾಗದದ ಮೇಲೆ ಕುಳಿತು ಚಿತ್ರ ಬರೆಯುತ್ತಿದ್ದ ಮಕ್ಕಳು! ಕಾರುಗಳು ಹಿಂದಿರುಗಿದವು. ಮಕ್ಕಳ ಶನಿವಾರದ ಚಿತ್ರಕಲೆ ಮುಂದೆ ಎಷ್ಟೋ ವರ್ಷ ನಡೆಯಿತು. ವ್ಯಾಪಾರವೂ ಕುದುರಿತು. ವಿರೋಧಿಸಿದ್ದ ವರ್ತಕರೇ ಇದನ್ನು ಇನ್ನಷ್ಟು ದೂರ ವಿಸ್ತರಿಸಿ ಎಂದು ಕೇಳಿಕೊಂಡರು. ಆ ಬೀದಿ ಇಂದಿಗೂ 'ಹೂವಿನ ಬೀದಿ' ಎಂದೇ ಹೆಸರಾಗಿದೆ.

ಕಾರಣವೇನು?

ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಬಹುದು. ಮನುಷ್ಯ ಗಂಟೆಗೆ 5 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 1.4 ಮೀಟರ್ ನಡೆಯುತ್ತಾನೆ. 4 ಮೀಟರ್ ಅಗಲದ ಅಂಗಡಿಯನ್ನು ದಾಟಲು ಅವನಿಗೆ ಸುಮಾರು 3 ಸೆಕೆಂಡು ಬೇಕು. ಗಂಟೆಗೆ 30 ಕಿ.ಮೀ. ವೇಗದ ಕಾರು ಅದೇ ಅಂಗಡಿಯನ್ನು ಅರ್ಧ ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಗಾಜಿನ ಹಿಂದೆ ತೂಗುಹಾಕಿದ ಅಂಗಿಯನ್ನು ಕಾಣಲು, 'ಬೆಲೆ ಎಷ್ಟಿರಬಹುದು' ಎಂದು ಯೋಚಿಸಲು, ನಿಲ್ಲಲು ಸಮಯವಿರುವುದು ನಡೆಯುವವನಿಗೆ ಮಾತ್ರ. ಇನ್ನು ಅಂಗಡಿಯ ಮುಂದೆ ಒಂದು ಕಾರು ಇಡೀ ದಿನ ನಿಂತರೆ ಗಿರಾಕಿಗೆ ಅಂಗಡಿಯೇ ಮರೆಯಾಗುತ್ತದೆ.

ಎಲ್ಲೆಡೆ ಗೆಲ್ಲಲಿಲ್ಲ

ಒಂದು ಕಡೆ ಗೆದ್ದ ಪ್ರಯೋಗ ಎಲ್ಲ ಕಡೆಯೂ ಗೆಲ್ಲುತ್ತದೆ ಎನ್ನುವುದು ವಿಜ್ಞಾನವಲ್ಲ. ಅಮೆರಿಕದ ಕ್ಯಾಲಮಜೂ ಪಟ್ಟಣ 1959ರಲ್ಲೇ ಪೇಟೆಬೀದಿಯಲ್ಲಿ ಕಾರು ನಿಲ್ಲಿಸಿತು. 1998ರಲ್ಲಿ ಮತ್ತೆ ಬಿಟ್ಟಿತು. ಷಿಕಾಗೊ ನಗರದ ಸ್ಟೇಟ್ ಬೀದಿಯಲ್ಲಿ 1979ರಲ್ಲಿ ಬಸ್ಸುಗಳನ್ನಷ್ಟೇ ಉಳಿಸಿ ಕಾರುಗಳನ್ನು ತಡೆದರು. 1996ರಲ್ಲಿ ಅವೂ ಮರಳಿದವು. ಫ್ರೆಸ್ನೊ ನಗರದಲ್ಲಿ 1964ರ ಪ್ರಯೋಗ 2017ರಲ್ಲಿ ಮುಗಿಯಿತು. ಅಲ್ಲಿ ಜನ ಊರಾಚೆಯ ಬಡಾವಣೆಗಳಿಗೆ ಮನೆ ಬದಲಿಸಿದ್ದರು. ದೊಡ್ಡ ಮಳಿಗೆಗಳೂ ಅವರ ಹಿಂದೆಯೇ ಹೋಗಿದ್ದವು. ಪೇಟೆಗೆ ಬರುವವರೇ ಕಡಿಮೆಯಾದ ಮೇಲೆ ಬೆಂಚು ಹಾಕಿ ಫಲವೇನು?

ಕುರಿಟಿಬ ಅಷ್ಟಕ್ಕೇ ನಿಲ್ಲಲಿಲ್ಲ. 1974ರಲ್ಲಿ ಬಸ್ಸುಗಳಿಗಾಗಿಯೇ ಪ್ರತ್ಯೇಕ ದಾರಿ ಮಾಡಿತು. ಎತ್ತರದ ಕಟ್ಟಡಗಳಿಗೆ ಆ ದಾರಿಗಳ ಪಕ್ಕದಲ್ಲೇ ಅವಕಾಶ ಕೊಟ್ಟಿತು. ಕಾರಿಲ್ಲದವರೂ ಪೇಟೆಗೆ ಬರುವಂತಾಯಿತು.

ಇನ್ನೊಂದು ಮಾತನ್ನೂ ಮರೆಯಬಾರದು. ಆಗ ಬ್ರೆಜಿಲ್‌ನಲ್ಲಿದ್ದದ್ದು ಸೇನಾಡಳಿತ. ಲರ್ನರ್ ಜನರಿಂದ ಚುನಾಯಿತರಾಗಿ ಬಂದವರಲ್ಲ, ನೇಮಕವಾದವರು. ರಾತ್ರೋರಾತ್ರಿ ಬೀದಿ ಅಗೆಯುವ ಧೈರ್ಯಕ್ಕೆ ಅದೂ ಒಂದು ಕಾರಣವಿರಬೇಕು. ಪ್ರಜಾಪ್ರಭುತ್ವದಲ್ಲಿ ವರ್ತಕರನ್ನು ಕೂರಿಸಿಕೊಂಡು ಮಾತನಾಡಬೇಕು. ಮೊದಲು ಸಣ್ಣದಾಗಿ ಮಾಡಿ ನೋಡಬೇಕು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ಶನಿವಾರ, ಭಾನುವಾರಗಳಂದು ವಾಹನ ನಿಲ್ಲಿಸಿ ನಡೆಸಿದ ಪ್ರಯೋಗ ಇಂಥದ್ದೇ. ಮೆಟ್ರೊ ನಿಲ್ದಾಣ ಸಮೀಪದಲ್ಲೇ ಇರುವುದು ಆ ಬೀದಿಗೆ ಅನುಕೂಲ.

ನಿಮ್ಮ ಊರಿನ ಪೇಟೆಬೀದಿಗೆ ಇದು ಒಗ್ಗುವುದೇ? ಉತ್ತರವನ್ನು ಊಹಿಸಬೇಕಿಲ್ಲ, ಎಣಿಸಬಹುದು. ಮುಂದಿನ ಶನಿವಾರ ಸಂಜೆ ಅಪ್ಪ ಅಮ್ಮನ ಜತೆ ಪೇಟೆಗೆ ಹೋಗಿ. ಪರಿಚಯದ ಅಂಗಡಿಯೊಂದರ ಮುಂದೆ ಒಂದು ಗಂಟೆ ನಿಲ್ಲಿ. ಒಳಗೆ ಹೋದವರಲ್ಲಿ ನಡೆದು ಬಂದವರೆಷ್ಟು, ಬಸ್ಸಿಳಿದು ಬಂದವರೆಷ್ಟು, ಸ್ಕೂಟರಿನಲ್ಲಿ ಬಂದವರೆಷ್ಟು, ಕಾರಿನಲ್ಲಿ ಬಂದವರೆಷ್ಟು ಎಂದು ಬರೆದುಕೊಳ್ಳಿ. ಎಣಿಸುವ ಮೊದಲು ಅಂಗಡಿಯ ಯಜಮಾನರ ಅಂದಾಜನ್ನೂ ಕೇಳಿ ಬರೆದಿಡಿ. ಕೊನೆಗೆ ಎರಡನ್ನೂ ಹೋಲಿಸಿ ನೋಡಿ. ಪುರಸಭೆಯವರಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಕಾಗದ ಬೇರೆ ಇಲ್ಲ.